ಕೊನೆಯ ಕರಡು ತಿದ್ದುವವನಿಗೆ

ಪ್ರೀತಿಯ ತಮ್ಮನಿಗೆ,

ನಿನ್ನ ಮೊದಲ ಎಪಿಸೋಡಿನ ಚಿತ್ರಕಥೆಯನ್ನು ಓದಿದೆ. ಬರವಣಿಗೆಯಲ್ಲಿ ಕಸುವಿದೆ, ಸಂತೋಷವಾಯಿತು. ಬಜೆಟ್ಟು, ಸೀನ್ ಆರ್ಡರ್, ಚಾನೆಲ್ಲಿನವರಿಗೆ ಕಥೆ ಹೇಳುವ ಬಗೆ ಎಂದೆಲ್ಲ ಕೇಳಿದ್ದೀಯ. ಅವನ್ನು ಸೆಟ್ಟಿನಲ್ಲಿ ಕೆಲವು ತಿಂಗಳು ಇದ್ದವರು ಯಾರಾದರೂ ಕಲಿಯುತ್ತಾರೆ. ನನ್ನನ್ನು ಕಾಡಿದ್ದು, ಸರಣಿಯ ಒಟ್ಟು ಹೊಣೆ ಹೊರುವ ಶೋರನ್ನರ್ ಆದರೆ ಪ್ರತಿ ಎಪಿಸೋಡಿನ ಮೇಲೂ ನಿನ್ನ ಹೆಸರೇ ಇರುತ್ತದೆ ಎಂಬ ನಿನ್ನ ಆಸೆ.

ಶೋರನ್ನರ್ ಪದ್ಧತಿ ಬೆಳೆದ ಅಮೆರಿಕದಲ್ಲಿ ಆ ಪದವೇ ಸಾಮಾನ್ಯವಾಗಿ ತೆರೆಯ ಮೇಲೆ ಬರುವುದಿಲ್ಲ, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಎಂದಷ್ಟೇ ಬರುತ್ತದೆ. ಬರಹಗಾರರೊಡನೆ ಕೂತು ಕಥೆ ಕಟ್ಟುವುದು, ಪ್ರತಿ ಕರಡನ್ನೂ ಕೊನೆಯದಾಗಿ ತಿದ್ದುವುದು, ಪಾತ್ರಧಾರಿಗಳ ಆಯ್ಕೆಯಿಂದ ಸಂಕಲನದವರೆಗೆ ಉತ್ತರ ಹೇಳುವುದು ಅವರ ಕೆಲಸ. 2008ರಿಂದ 2013ರವರೆಗೆ ಬಂದ ‘ಬ್ರೇಕಿಂಗ್ ಬ್ಯಾಡ್’ ಸರಣಿಯ 62 ಎಪಿಸೋಡುಗಳನ್ನು ನೋಡು. ಒಬ್ಬರೇ ಬರೆದಂತಿರುವ ಅದರಲ್ಲಿ ಬರಹಗಾರರಾಗಿ ಅದರ ಶೋರನ್ನರ್ ವಿನ್ಸ್ ಗಿಲಿಗನ್ ಹೆಸರಿರುವುದು ಕೆಲವಕ್ಕೆ ಮಾತ್ರ. ಸಾಲ್ ಗುಡ್‌ಮನ್ ಎಂಬ ವಕೀಲ ಮೊದಲು ಕಾಣಿಸಿಕೊಳ್ಳುವ ಎಪಿಸೋಡು ಅವರ ತಂಡದ ಬರಹಗಾರ ಪೀಟರ್ ಗೂಲ್ಡ್ ಹೆಸರಿನಲ್ಲಿದೆ. ಅದೇ ಪಾತ್ರದ ಮೇಲೆ 2015ರಲ್ಲಿ ಶುರುವಾದ ಸರಣಿಯನ್ನು ಇಬ್ಬರೂ ಸೇರಿ ರೂಪಿಸಿದರು, ಮುಂದೆ ಗೂಲ್ಡ್ ಒಬ್ಬರೇ ಅದರ ಶೋರನ್ನರ್ ಆದರು.

ನಮ್ಮ ದಿನದ ಧಾರಾವಾಹಿಗಳಲ್ಲಿ ಎಷ್ಟೋ ಕಡೆ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರ ಟಿಆರ್‌ಪಿ ಬಂದ ಮೇಲೆ ಮೂವರು ಬರೆದದ್ದೂ ಬದಲಾಗುತ್ತದೆ, ನಿನ್ನೆ ಹಟ ಹಿಡಿದಿದ್ದ ಸೊಸೆ ಇವತ್ತೇಕೆ ಕಾಲಿಗೆ ಬಿದ್ದಳೆಂದು ಕೇಳಿದರೆ ಹೇಳುವವರಿಲ್ಲ. ಆ ಹೊಣೆ ಹೊರಲು ಒಬ್ಬರು ಬೇಕೇ ಬೇಕು, ನಿನ್ನಂಥವನೇ ಹೊರಬೇಕು. ಆದರೆ ಹೊಣೆ ಹೊತ್ತವನಿಗೆ ಇನ್ನೊಬ್ಬರ ಬರಹದ ಮೇಲೆ ಹಕ್ಕು ಬರುವುದಿಲ್ಲ. ನಾನು ಬರೆಯಲು ಶುರುಮಾಡಿದ ಕಾಲದಲ್ಲಿ ಹಿರಿಯರೊಬ್ಬರಿಗೆ ತಿಂಗಳುಗಟ್ಟಲೆ ಸಂಭಾಷಣೆ ಬರೆದುಕೊಟ್ಟೆ. ಸಂಭಾವನೆಯನ್ನು ತಪ್ಪದೆ ಕೊಟ್ಟರು, ಟೈಟಲ್ ಕಾರ್ಡಿನಲ್ಲಿ ಮಾತ್ರ ತಮ್ಮ ಹೆಸರನ್ನೇ ಹಾಕಿಕೊಂಡರು. ನನ್ನ ಮಾತುಗಳನ್ನು ತಿದ್ದಿ ತಿದ್ದಿ ನನಗೆ ಕೆಲಸ ಕಲಿಸಿದವರೂ ಅವರೇ, ಆದರೂ ಆ ಒಂದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನಿನ್ನ ಕಥೆಯ ಅಜ್ಜಿ ಪಾತ್ರದ ಮಾತುಗಳನ್ನೆಲ್ಲ ಗೆಳತಿಯೊಬ್ಬಳು ಬರೆದುಕೊಟ್ಟಳು ಎಂದು ನೀನೇ ತಿಳಿಸಿದ್ದೀಯ. ಚಿತ್ರಕಥೆಯಲ್ಲಿ ಅವಳ ಹೆಸರು ಎಲ್ಲೂ ಇಲ್ಲ. ಎರಡನೇ ಎಪಿಸೋಡನ್ನು ಅವಳಿಂದಲೇ ಬರೆಸು. ನಿನಗೆ ಒಪ್ಪದ ಕಡೆಯಲ್ಲೆಲ್ಲ ಅವಳೊಡನೆ ಕೂತು, ಬೇಕಾದರೆ ಜಗಳವಾಡಿ, ಮುಲಾಜಿಲ್ಲದೆ ತಿದ್ದು. ಹೆಸರು ಅವಳದೇ ಇರಲಿ. ಆಮೇಲೆ ಆ ಕರಡನ್ನು ನನಗೆ ಕಳಿಸು.

ಇತಿ,
ನಿನ್ನ ಹಿತೈಷಿ