ಮಗಳಿಗೊಂದು ಪತ್ರ: ಫ್ರೆಂಚಿನ ‘ಮಾಂಕೆ’ ಕ್ರಿಯಾಪದದ ಬಗ್ಗೆ

ಪ್ರೀತಿಯ ಮಗಳೇ,

ಲಿಯೋನಿನಲ್ಲಿ ನಿನಗೆ ಕೋಣೆ ಕೊಟ್ಟಿದ್ದ ಅಜ್ಜಿಗೆ ಬರೆದ ಕಾಗದವನ್ನು ಅಂಚೆಗೆ ಹಾಕುವ ಮೊದಲು ನನಗೆ ಕಳಿಸಿದ್ದು ಒಳ್ಳೆಯದಾಯಿತು. ತಿದ್ದಬೇಕಾದದ್ದು ಒಂದೇ ವಾಕ್ಯ. ‘ನೀವಿಲ್ಲದೆ ನನಗೆ ಬೇಸರವಾಗುತ್ತಿದೆ’ ಎನ್ನಲು ಹೊರಟ ನೀನು ‘ಝ ವೂ ಮಾಂಕ್’ ಎಂದು ಬರೆದಿರುವೆ. ಅದನ್ನು ಓದಿದ ಅವರಿಗೆ, ‘ನಾನಿಲ್ಲದೆ ನಿಮಗೆ ಬೇಸರವಾಗುತ್ತಿದೆ’ ಎಂದು ಅವರ ಮನಸ್ಸಿನ ಮಾತನ್ನೂ ನೀನೇ ಆಡಿಬಿಟ್ಟಂತೆ ಕಾಣುತ್ತದೆ.

‘ಐ ಮಿಸ್ ಯೂ’ ಎಂಬ ಇಂಗ್ಲಿಷ್ ವಾಕ್ಯದ ಪದಗಳ ಜಾಗದಲ್ಲಿ ಫ್ರೆಂಚ್ ಪದಗಳನ್ನು ಕೂರಿಸಿದರೆ ಹೀಗಾಗುತ್ತದೆ. ನಮ್ಮವರು ಕನ್ನಡದಲ್ಲೂ ‘ನಿನ್ನನ್ನು ಮಿಸ್ ಮಾಡಿಕೊಳ್ಳುತ್ತೇನೆ’ ಎನ್ನತೊಡಗಿದ ಮೇಲೆ ಹೀಗೆ ಬರೆಯುವುದು ಇನ್ನೂ ಸಲೀಸಾಗಿದೆ. ಆ ಮಾತು ನನಗಂತೂ ಹಿಡಿಸುವುದಿಲ್ಲ, ಇರಲಿ. ‘ಮಾಂಕೆ’, ಅಂದರೆ ಇಲ್ಲದೆ ಕೊರತೆಯೆನಿಸು, ಎಂಬ ಈ ಕ್ರಿಯಾಪದದಲ್ಲಿ ಕರ್ತೃಪದವಾಗುವುದು ಎದುರಿಗಿಲ್ಲದ ವ್ಯಕ್ತಿ, ಕೊರಗುವವರು ನಮ್ಮ ಚತುರ್ಥೀ ವಿಭಕ್ತಿಯ ಸ್ಥಾನಕ್ಕೆ ಸರಿಯುತ್ತಾರೆ. ‘ನೀನು ನನಗೆ ಬೇಕು’ ಎಂಬಲ್ಲಿ ‘ನೀನು’ ಮತ್ತು ‘ನನಗೆ’ ಹೇಗೆ ನಿಂತಿವೆಯೋ, ‘ತು ಮ ಮಾಂಕ್’ ಎಂಬಲ್ಲಿ ‘ತು’ ಮತ್ತು ‘ಮ’ ಹಾಗೆಯೇ ನಿಂತಿವೆ. ಆದ್ದರಿಂದ ಈ ಕ್ರಿಯಾಪದವನ್ನು ಬಳಸುವಾಗಲಾದರೂ ಇಂಗ್ಲಿಷನ್ನು ಬದಿಗಿಟ್ಟು ನೇರವಾಗಿ ಕನ್ನಡದಿಂದ ಹೊರಡು. ‘ಗೆ’ ಪ್ರತ್ಯಯದ ಕೆಲಸವನ್ನು ನಾಮಪದದ ಮುಂದೆ ‘ಆ’ ಎಂಬ ಪದ ಮಾಡುತ್ತದೆ: ಅಮ್ಮನಿಲ್ಲದೆ ತಮ್ಮ ಕೊರಗುತ್ತಿದ್ದರೆ ‘ಮಾ ಮೇರ್ ಮಾಂಕ್ ಆ ಮೋಂ ಫ್ರೇರ್’. ಸರ್ವನಾಮಗಳಿಂದ ಹೇಳುವುದಾದರೆ ‘ಎಲ್ ಲ್ವಿ ಮಾಂಕ್’ ಎಂದರೆ ಸಾಕು.

ಹಾಗೆಂದು ಭಾವನೆಯನ್ನು ಹೇಳುವ ಎಲ್ಲ ಕ್ರಿಯಾಪದಗಳಿಗೂ ಈ ಲೆಕ್ಕ ಹಾಕಬೇಡ. ‘ಪ್ಲೇರ್’, ಅಂದರೆ ಇಷ್ಟವಾಗು, ಇದೇ ದಾರಿಯಲ್ಲಿ ನಡೆಯುತ್ತದೆ. ‘ಎಮೆ’ ಹಾಗಲ್ಲ, ಅಲ್ಲಿ ಪ್ರೀತಿಸುವವರೇ ಕರ್ತೃ. ‘ಮಾಂಕೆ’ಗೂ ಬೇರೆ ಬಳಕೆಗಳಿವೆ: ಸಾರಿಗೆ ಉಪ್ಪು ಸಾಲದಿದ್ದರೆ ‘ಸಾ ಮಾಂಕ್ ದ ಸೆಲ್’ ಎನ್ನುತ್ತಾರೆ, ರೈಲು ತಪ್ಪಿಸಿಕೊಂಡರೂ ಇದೇ ಕ್ರಿಯಾಪದ ಬರುತ್ತದೆ. ಸದ್ಯಕ್ಕೆ ಅವುಗಳ ಗೊಡವೆ ಬೇಡ.

ಬರವಣಿಗೆಯಲ್ಲಿ ಮಾತ್ರ ಕಿವಿಯನ್ನು ನಂಬಬೇಡ. ಗೆಳತಿಯರ ನೆನಪಾಗುತ್ತಿದೆ ಎನ್ನುವಾಗ ಕರ್ತೃಪದ ಬಹುವಚನವಾಗಿರುವುದರಿಂದ ಕ್ರಿಯಾಪದದ ಕೊನೆಗೆ ಇ, ಎನ್, ಟಿ ಎಂಬ ಮೂರು ಅಕ್ಷರಗಳು ಬರಬೇಕು, ಉಚ್ಚಾರದಲ್ಲಿ ಅವು ಕೇಳಿಸದಿದ್ದರೂ. ಭೂತಕಾಲದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಅವರು ನನ್ನನ್ನು ನೋಡಿದರು’ ಎಂದು ಬರೆಯುವಾಗ ನೀನು ಹೆಣ್ಣಾದ್ದರಿಂದ ಕೃದಂತಕ್ಕೆ ‘ಇ’ ಅಕ್ಷರವನ್ನು ಸೇರಿಸುತ್ತೀಯಲ್ಲ, ‘ವೂ ಮಾವೆ ಮಾಂಕೆ’ ಎನ್ನುವಲ್ಲಿ ಅದನ್ನು ಸೇರಿಸಬಾರದು. ಮೊದಲನೆಯದರಲ್ಲಿ ಇರುವುದು ‘ನನ್ನನ್ನು’, ಎರಡನೆಯದರಲ್ಲಿ ‘ನನಗೆ’.

ಅಜ್ಜಿಗೆ ‘ವೂ ಮ ಮಾಂಕೆ ಬೊಕೂ’ ಎಂದು ಬರೆ. ಬಹುವಚನದಿಂದ ಕರೆಯುತ್ತಿರುವುದರಿಂದ ಕ್ರಿಯಾಪದ ಇ, ಜೆಡ್ ಅಕ್ಷರಗಳಿಂದ ಮುಗಿಯಲಿ. ಅವರೇ ‘ತು’ ಎನ್ನು ಎಂದು ಹೇಳಿದ್ದರೆ ‘ತು ಮ ಮಾಂಕ್’ ಎಂದು ಬದಲಿಸಿ, ಕೊನೆಯಲ್ಲಿ ಎಸ್ ಹಾಕಲು ಮರೆಯಬೇಡ. ಉಳಿದ ಕಾಗದ ಹಾಗೆಯೇ ಹೋಗಲಿ, ಚೆನ್ನಾಗಿದೆ.

ನಿನ್ನ ಅಮ್ಮ