ಗೆಳೆಯನಿಗೊಂದು ಪತ್ರ: ರದ್ದಿ ಲೆಕ್ಕ

ಎರಡನೇ ಲೈನಿನವನೇ,

ವಾಟ್ಸಾಪಲ್ಲೇ ಕಳಿಸಬಹುದಿತ್ತು, ಗೊತ್ತುಂಟು. ಆದ್ರೆ ಅಲ್ಲಾದ್ರೆ ನೀನು ಅರ್ಧ ಓದಿ ಒಂದು ಹೆಬ್ಬೆರಳು ಒತ್ತಿ ತೋಟಕ್ಕೆ ನೀರು ಬಿಡ್ಲಿಕ್ಕೆ ಹೋಗ್ತಿ, ಇಲ್ಲಿ ನಾಲ್ಕು ಜನ ನೋಡ್ತಾ ಇದ್ರೆ ಮರ್ಯಾದೆಗೆ ಹೆದರಿಯಾದ್ರೂ ಪೂರ್ತಿ ಓದ್ತಿ ಅಂತ ಇಲ್ಲಿ ಬರೀತಿದ್ದೇನೆ. ಆ ನಾಲ್ಕು ಜನರಿಗೆ ನಮಸ್ಕಾರ. ಇವನು ಮುಂಬೈಯ ಘಾಟ್ಕೋಪರಲ್ಲಿ ನನ್ನ ಜೊತೆ ಪೇಪರ್ ಹಾಕ್ತಿದ್ದವ, ಒಂದನೇ ಲೈನು, ಅಂದ್ರೆ ಪೇಪರ್ ಹಾಕುವ ಮನೆಗಳ ಸಾಲು, ನನ್ನದು, ಎರಡನೇದು ಇವನದ್ದು, ಈಗ ಕಾರ್ಕಳದ ಹತ್ರ ಅಡಿಕೆ, ಕಾಳುಮೆಣಸು ಮತ್ತೆ ದೊಡ್ಡಸ್ತಿಕೆ ಬೆಳೀತಾನೆ. ಸಿ ವಿಂಗಿನ ಮೂರನೇ ಮಾಳಿಗೆಯ ನಾಯಿ ಯಾಕೆ ಇವನನ್ನು ಮಾತ್ರ ಕಚ್ಚಿತು ಅಂತ ಕೇಳ್ಬೇಡಿ, ಅದು ನಮ್ಮೊಳಗಿನ ವಿಷಯ.

ಶುರುವಾದದ್ದು ರದ್ದಿಯಿಂದ ಮಾರಾಯ. ಮೊನ್ನೆ ಭಾನುವಾರ ರದ್ದಿಯವ ಬಂದ. ನಮ್ಮ ಮನೆಗೆ ಎರಡು ಪೇಪರ್, ಒಂದು ಇಂಗ್ಲಿಷು ಮಗಳಿಗೆ, ಒಂದು ಕನ್ನಡ ನನಗೆ. ಮುಂಬೈಯಲ್ಲಿ ಕೂತು ಬೆಳಿಗ್ಗೆ ಬೆಳಿಗ್ಗೆ ಕರ್ನಾಟಕ ಮಲ್ಲವೋ ಉದಯವಾಣಿಯೋ ಓದ್ತೇವೆ ಅಂದ್ರೆ ನಿಮ್ಮೂರಿನವರು ಈಗಲೂ ಬಾಯಿ ಬಿಡ್ತಾರೆ ಅಂತ ನೀನೇ ಹೇಳಿದ್ದಿ. ಇರ್ಲಿ. ತಿಂಗಳ ಪೇಪರ್ ತೂಗಿದ್ರೆ 10 ಕೇಜಿ ಬಂತು, ಅವನು ಕೇಜಿಗೆ 13 ಅಂದ, ನಾನು 14 ಅಂತ ಹಟ ಹಿಡಿದೆ, ತಕ್ಕಡಿ ಕಡೆ ಕಣ್ಣಿಟ್ಟೆ, ಗೆದ್ದೆ, 140 ರೂಪಾಯಿ ಎಣಿಸಿ ತಗೊಂಡೆ. ಹೆಂಡತಿ ಎದುರು ಸ್ವಲ್ಪ ಎದೆ ಉಬ್ಬಿಸಿದ್ದೂ ಹೌದು.

ಅದೇ ಸಂಜೆ ಪೇಪರ್ ಹುಡುಗ ಬಿಲ್ ಹಿಡ್ಕೊಂಡು ಬಂದ. ಹತ್ತನೇ ಕ್ಲಾಸು, ಮೀಸೆ ಇನ್ನೂ ಯೋಚನೆ ಮಾಡ್ತಾ ಉಂಟು. ಚಿಲ್ಲರೆ ಹುಡುಕುವಾಗ ಸುಮ್ಮನೆ ಮಾತಿಗೆ ಕೇಳಿದೆ, ಪೇಪರ್ ಏಜೆನ್ಸಿಯ ಸೇಠ್ ಎಷ್ಟು ಕೊಡ್ತಾನೋ ಅಂತ. 90 ಮನೆ ಅಂಕಲ್, 1800, ಖಾಡಾ ಆದ್ರೆ ಕಟ್, ಪೇಪರ್ ಒದ್ದೆಯಾದ್ರೆ ಅದರದ್ದೂ ಕಟ್, ಅಂದ. ಖಾಡಾ! ಕೆಲಸ ತಪ್ಪಿದ ದಿನಕ್ಕೆ ನಾವು ಹೇಳ್ತಿದ್ದ ಹೆಸರು, ಎಷ್ಟು ವರ್ಷವಾಯ್ತು ಆ ಶಬ್ದ ಕೇಳದೆ. ಒಂದು ದಿನ ಹೋಗದಿದ್ರೆ ಎಷ್ಟು ಕಟ್ ಅಂತ ನಾವು ರಾತ್ರಿಯಿಡೀ ಲೆಕ್ಕ ಹಾಕ್ತಿದ್ದದ್ದು ನೆನಪಾಯ್ತು, ನಗು ಬಂತು. ಆಮೇಲೆ ತಲೆ ತನ್ನಷ್ಟಕ್ಕೆ ಭಾಗಾಕಾರ ಮಾಡ್ತು. 1800ನ್ನು 90ರಿಂದ ಭಾಗಿಸಿದ್ರೆ 20. ಅಂದ್ರೆ ನನ್ನ ಬಾಗಿಲಿಗೆ ಇಡೀ ತಿಂಗಳು ಹತ್ತಿ ಬಂದದ್ದಕ್ಕೆ ಅವನಿಗೆ 20 ರೂಪಾಯಿ, ಅವನು ತಂದು ಹಾಕಿದ್ದನ್ನು ಕಟ್ಟು ಕಟ್ಟಿ ಮಾರಿದ್ದಕ್ಕೆ ನನಗೆ 140.

ಪೇಪರ್ ದುಡ್ಡು ನಾನು ಕೊಟ್ಟದ್ದಲ್ವಾ, ರದ್ದಿ ನನ್ನದೇ ಅಲ್ವಾ ಅಂತ ನೀನು ವಾದ ಮಾಡ್ತಿ. ಹೌದು. ಆದ್ರೂ ಆ ಹುಡುಗ ಅಲ್ಲೇ ನಿಂತಿದ್ದ ಮಾರಾಯ. ಚಪ್ಪಲಿಯ ಉಂಗುಷ್ಠ ಕಿತ್ತು ಹೋದಲ್ಲಿ ಪೇಪರ್ ಬಂಡಲಿಗೆ ಕಟ್ಟಿರ್ತದಲ್ಲ, ಆ ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದನ್ನು ಗಂಟು ಹಾಕಿ ಬಿಗಿದಿದ್ದ. ನೀಟಾಗಿ, ಗಂಟು ಅಡಿಗೆ ಬರುವ ಹಾಗೆ. ಏಳನೇ ಮಾಳಿಗೆವರೆಗೆ ಹತ್ತಿ ಇಳಿದು ಹತ್ತಿ ಇಳಿದು ಸವೆದ ಚಪ್ಪಲಿ ಅದು.

ಲಿಫ್ಟ್ ಇದೆಯಲ್ಲ ಅಂತ ಕೇಳ್ತಿ. ಇದೆ. ಪೇಪರ್ ಹಾಕುವವನಿಗೆ ಲಿಫ್ಟ್ ಅಂದ್ರೆ ಅರ್ಧ ಕೆಲಸ ಅಂತ ನಮಗಿಬ್ಬರಿಗೆ ಗೊತ್ತು, ತುದಿಗೆ ಹೋಗಿ ಬಾಗಿಲು ಬಾಗಿಲಿಗೆ ಸಿಕ್ಕಿಸ್ತಾ ಇಳಿದ್ರೆ ಐದು ನಿಮಿಷದಲ್ಲಿ ಒಂದು ವಿಂಗ್ ಮುಗೀತದೆ. ಆದ್ರೆ ನಮ್ಮ ಲಿಫ್ಟ್ ಬಾಗಿಲ ಹತ್ರ ಒಂದು ಬೋರ್ಡ್ ಉಂಟು. ಡೆಲಿವರಿಯವರು, ಮನೆಗೆಲಸದವರು ಲಿಫ್ಟ್ ಬಳಸಬಾರದು, ಅಪ್ಪಣೆ ಮೇರೆಗೆ, ಸೆಕ್ರೆಟರಿ. ಮರಾಠಿಯಲ್ಲೂ ಇಂಗ್ಲಿಷಲ್ಲೂ. ಸೆಕ್ರೆಟರಿ ಯಾರು ಅಂತ ನಿಂಗೆ ಗೊತ್ತುಂಟು, ನನ್ನ ಹುಟ್ಟುಹಬ್ಬಕ್ಕೆ ನೀನೇ ಕಳಿಸಿದ್ದಲ್ವಾ, ಸೆಕ್ರೆಟರಿ ಸಾಹೇಬರಿಗೆ ಸಾಷ್ಟಾಂಗ ಅಂತ.

ಇನ್ನೂ ಉಂಟು. ಎರಡು ತಿಂಗಳ ಹಿಂದೆ ಸೇಠ್ ಡೆಲಿವರಿ ಚಾರ್ಜು ತಿಂಗಳಿಗೆ 10ರಿಂದ 20 ಮಾಡ್ತೇನೆ, ಹುಡುಗರು ಸಿಕ್ತಿಲ್ಲ ಅಂತ ಸೊಸೈಟಿಗೆ ಚೀಟಿ ಕೊಟ್ಟಿದ್ದ. ಮೀಟಿಂಗಲ್ಲಿ ನಾನು ಎದ್ದು ನಿಂತೆ. ಭಾಷಣ ಕೊಟ್ಟೆ ಮಾರಾಯ. ನಾವೂ ಪೇಪರ್ ಹಾಕಿಯೇ ದೊಡ್ಡವರಾದದ್ದು, ಚಾಳಿನಲ್ಲಿ ಹತ್ತು ಬೈ ಹತ್ತರ ಖೋಲಿ, ಬೆಳಿಗ್ಗೆ ನಾಲ್ಕೂವರೆಗೆ ಸ್ಟೇಶನ್ ಹೊರಗಿನ ಫುಟ್‌ಪಾತಲ್ಲಿ ಪುರವಣಿ ತುರುಕ್ತಿದ್ದೆವು, ಹೀಗೆ ದುಡಿದದ್ದಕ್ಕೇ ಶಿಸ್ತು ಬಂತು, ಹಣ ಜಾಸ್ತಿ ಕೊಟ್ರೆ ಹುಡುಗರು ಹಾಳಾಗ್ತಾರೆ. ಚಪ್ಪಾಳೆ ಬಿತ್ತು. ಒಬ್ಬರು ರಿಟೈರ್ಡ್ ಅಂಕಲ್ ಕಲಾಂ ಅವರನ್ನೂ ಎಳೆದು ತಂದ್ರು. ಯಾವಾಗಲೂ ತರ್ತಾರೆ. ಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲಿಸೋದನ್ನು ಬಿಟ್ರಂತೆ, ಓಡುವ ರೈಲಿಂದ ಬಂಡಲ್ ಎಸೀತಿದ್ರು, ಪುಟ್ಟ ಕಲಾಂ ಅದನ್ನು ಹಿಡಿದು ಕೊಡ್ತಿದ್ರು, ಅದೇ ಅವರ ಮೊದಲ ಸಂಪಾದನೆ. ಕಥೆ ನಿಜವೇ. ಆದ್ರೆ ಆ ಪೇಪರ್ ಏಜೆನ್ಸಿ ನಡೆಸ್ತಿದ್ದ ಸಂಬಂಧಿ ಕೈಗೆ ಎಷ್ಟು ಕೊಟ್ರು ಅಂತ ಈ ಕಥೆ ಹೇಳುವ ಯಾರೂ ಕೇಳೂದಿಲ್ಲ. ಚಾರ್ಜು 10ರಲ್ಲೇ ನಿಂತಿತು. ನನ್ನ ಹೆಸರಲ್ಲಿ ಮಿನಿಟ್ಸ್ ಬುಕ್ಕಲ್ಲಿ ಉಂಟು.

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲಲ್ಲಿ ಕಾನೂನು ಹುಡುಕಿದೆ. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿ 14ರಿಂದ 18ರವರನ್ನೂ ಅದರೊಳಗೆ ತಂದಿದ್ದಾರೆ. ಅಪಾಯದ ಕೆಲಸಕ್ಕೆ ಅವರನ್ನು ಹಾಕೂ ಹಾಗಿಲ್ಲ, ಉಳಿದ ಕೆಲಸಕ್ಕಾದ್ರೆ ವಿರಾಮ ಸೇರಿ ದಿನಕ್ಕೆ ಆರು ಗಂಟೆ, ವಾರಕ್ಕೊಂದು ರಜೆ, ಮತ್ತೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸೂ ಹಾಗೇ ಇಲ್ಲ. ಬೆಳಿಗ್ಗೆ 8! ನಮ್ಮಲ್ಲಿ ಆರೂವರೆಗೆ ಪೇಪರ್ ಬಾಗಿಲಲ್ಲಿ ಇಲ್ಲದಿದ್ರೆ ವಾಚ್‌ಮನ್‌ಗೆ ಇಂಟರ್‌ಕಾಮ್ ಹೋಗ್ತದೆ. ವಾರದ ರಜೆ ಅಂದ್ರೆ ಕೇಳ್ಬೇಡ, ಭಾನುವಾರವೇ ಪೇಪರ್ ದಪ್ಪ. ಆಗಸ್ಟ್ 15ಕ್ಕೆ ಪ್ರೆಸ್ಸಿಗೆ ರಜೆ, ಅದಕ್ಕೆ 16ಕ್ಕೆ ಹುಡುಗನಿಗೆ ಒಂದು ನಿದ್ದೆ, ಅಂಥವು ವರ್ಷಕ್ಕೆ ಬೆರಳೆಣಿಕೆ. ಜೂನ್ 12, ಬಾಲಕಾರ್ಮಿಕ ವಿರೋಧಿ ದಿನ, ಅದರ ಲೇಖನ ಇರುವ ಪೇಪರನ್ನೂ ನನ್ನ ಬಾಗಿಲಿಗೆ ಆರು ಗಂಟೆಗೆ ಸಿಕ್ಕಿಸಿ ಹೋದದ್ದು ಇವನೇ. ಸಂಬಳದ್ದು ಇನ್ನೂ ಚಂದ, 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ದೊಡ್ಡವರಿಗೊಂದು ದರ, ಹದಿಹರೆಯದವರಿಗೆ ಬೇರೆ ದರ ಇಡ್ಲಿಕ್ಕೆ ಜಾಗ ಇತ್ತು. ಮೆಟ್ಟಿಲಿನ ಎತ್ತರ ಮಾತ್ರ ಇಬ್ಬರಿಗೂ ಒಂದೇ.

2020ರಲ್ಲಿ ಲಾಕ್‌ಡೌನ್ ಆಗಿ ಮನೆಮನೆಗೆ ಪೇಪರ್ ಹಾಕೂದೇ ನಿಂತಾಗ ಆಗ ಇದ್ದ ಹುಡುಗನಿಗೆ ನಾನು ಎಂತ ಕೊಟ್ಟೆ ಗೊತ್ತುಂಟಾ? ಎಂತದ್ದೂ ಇಲ್ಲ. ಪೇಪರ್ ಬರಲಿಲ್ಲ ಅಂತ ಬೇಜಾರು ಮಾತ್ರ ಮಾಡ್ಕೊಂಡೆ.

ಇಷ್ಟಕ್ಕೇ ನಿಲ್ಲಿಸ್ಬೇಕು ಅಂತಿದ್ದೆ. ಇಲ್ಲಿವರೆಗೆ ಓದಿದವರು ಒಳ್ಳೆಯ ಮನುಷ್ಯ ಅಂತಾರೆ, ನನಗೂ ಅದೇ ಬೇಕಿತ್ತು, ಸುಳ್ಳು ಹೇಳೂದಿಲ್ಲ. ಆದ್ರೆ ಆ ಖಾಡಾ ಅನ್ನುವ ಶಬ್ದ ಕಿವಿಯಿಂದ ಹೋಗ್ತಾ ಇಲ್ಲ. 1996ರ ಮಳೆಗಾಲ, ನಿನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ದಿನ ನಿನ್ನ ಲೈನೂ ನಾನೇ ಹಾಕಿದೆ ನೆನಪುಂಟಾ? ಸಂಬಳ ನಾನೇ ತರ್ತಿದ್ದದ್ದು, ನಿಂಗೆ ರಾತ್ರಿ ಶಾಲೆಗೆ ತಡ ಆಗ್ತಿತ್ತು. ಆಗಿನ ನಮ್ಮ ಸೇಠ್ ಇಬ್ಬರದ್ದೂ ಸೇರಿ 400 ಕೊಟ್ಟ, ಖಾಡಾ ಹಾಕ್ಲಿಲ್ಲ, ಪಾಪ ಅವನ ತಾಯಿಗೆ ಹುಷಾರಿಲ್ಲ ಬಿಡು ಅಂದ. ನಾನು ಚಾಳಿನ ನಳ್ಳಿ ಹತ್ರ ನಿನ್ನ ಕೈಗೆ 175 ಇಟ್ಟು ಖಾಡಾ ಕಟ್ ಆಯ್ತು ಅಂದೆ. ನೀನು ಎಣಿಸಲೇ ಇಲ್ಲ, ಸೇಠ್‌ಗೆ ಎರಡು ಬೈದು ಅಂಗಿ ಕಿಸೆಗೆ ಹಾಕಿದಿ. ಮುಂದಿನ ತಿಂಗಳು ರೇಟೇ ಇಳಿಸಿದ್ದಾನೆ ಅಂದೆ. ಆಮೇಲೆ ಹೇಳುವ ಅಗತ್ಯವೇ ಬರಲಿಲ್ಲ, 175 ಅಂದ್ರೆ 175. ಹನ್ನೊಂದು ತಿಂಗಳು. ಆ ದುಡ್ಡಲ್ಲಿ ಎಂತ ಮಾಡಿದೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ಒಂದು ದೊಡ್ಡ ಕಾರಣವೂ ಇಲ್ಲ, ವಡಾಪಾವ್, ಬಾಡಿಗೆ ಸೈಕಲ್, ಎರಡು ಮ್ಯಾಟಿನಿ, ಅದರಲ್ಲಿ ಒಂದಕ್ಕೆ ನಿನ್ನನ್ನೇ ಕರ್ಕೊಂಡು ಹೋಗಿ ಟ್ರೀಟ್ ಅಂದಿದ್ದೆ. ನೀನು ಊರಿಡೀ ಹೇಳ್ಕೊಂಡು ಬಂದಿದ್ದಿ.

ಸೇಠ್ ಕಂಜೂಸ್ ಅಂತ ನಾವಿಬ್ಬರೂ ಇಷ್ಟು ವರ್ಷ ನಗಾಡಿದ್ದೇವಲ್ಲ, ಪ್ರತಿ ಸಲ ನಾನು ನಿನಗಿಂತ ಸ್ವಲ್ಪ ಜೋರಾಗಿ ನಗಾಡಿದ್ದೇನೆ.

ಹಾಂ, ಆಯ್ತು. ಮೇಲಿನದ್ದು ಬರೆದು ಎರಡು ಸಲ ಅಳಿಸಿದೆ, ಮೂರನೇ ಸಲ ಚಾ ಕುಡಿದು ಬಂದು ಹಾಗೇ ಬಿಟ್ಟೆ. ಅಸಲು 275 ಆಗ್ತದೆ. ಬಡ್ಡಿ ಲೆಕ್ಕ ಹಾಕ್ಲಿಕ್ಕೆ ಮಗಳಿಗೆ ಹೇಳಿದ್ದೆ, ಅವಳು ಚಕ್ರಬಡ್ಡಿಯಾ ಸರಳಬಡ್ಡಿಯಾ ಅಂತ ಕೇಳಿದಳು, ನಾನು ಫೋನ್ ಬಂತು ಅಂತ ಬಾಲ್ಕನಿಗೆ ಹೋದೆ. ಮುಂದಿನ ಸಲ ಮಾಟುಂಗಾಕ್ಕೆ ಬಾ, ಕಾಫಿ, ಇಡ್ಲಿ, ಮೇಲೊಂದು ಶೀರಾ, ಎಲ್ಲ ನನ್ನ ಲೆಕ್ಕದಲ್ಲಿ. ನಿನ್ನ ಹೊಟ್ಟೆ ನೋಡಿದ್ರೆ ಬಡ್ಡಿ ಅಲ್ಲೇ ತೀರ್ತದೆ.

ಲಿಫ್ಟ್ ಬೋರ್ಡ್ ತೆಗೆಸಿದ್ಯಾ ಅಂತ ಕೇಳ್ತಿ. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಹಾಕಿದ್ದೇನೆ, ಡೆಲಿವರಿ ಚಾರ್ಜಿನ ಜೊತೆ, ಏಳನೇ ಐಟಂ, ನೀರಿನ ಟ್ಯಾಂಕ್ ಮತ್ತೆ ಪಾರಿವಾಳದ ಗಲಾಟೆ ಆದ ಮೇಲೆ. ಮೀಟಿಂಗ್ ಐದನೇ ಐಟಮಿಗೆ ಜಗಳವಾಗಿ ಮುಗೀತದೆ ಅಂತ ಸೆಕ್ರೆಟರಿಯಾಗಿ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ನಿನ್ನೆ ಬೆಳಿಗ್ಗೆ ಐದೂಮುಕ್ಕಾಲಿಗೆ ಲುಂಗಿಯಲ್ಲೇ ಕೆಳಗೆ ಹೋಗಿ ಹುಡುಗನಿಗೆ ನಾನೇ ಲಿಫ್ಟ್ ಬಾಗಿಲು ತೆಗೆದು ನಿಂತೆ. ಅವನು ಬೋರ್ಡ್ ನೋಡಿದ, ನನ್ನ ಲುಂಗಿ ನೋಡಿದ, ಬೇಡ ಅಂಕಲ್, ಸೆಕ್ರೆಟರಿ ಬೈತಾನೆ ಅಂತ ಮೆಟ್ಟಿಲು ಹತ್ತಿದ.

ಸರಿ, ಪೂರ್ತಿ ಓದಿದ್ದಕ್ಕೆ ಹೆಬ್ಬೆರಳು ಒತ್ತು. ಬೈಯುದಿದ್ರೆ ಫೋನ್ ಮಾಡು, ಇಲ್ಲಿ ಬೇಡ, ಹೆಂಡತಿಯ ಅಣ್ಣ ಓದ್ತಾನೆ.

ಮತ್ತೆ ಆ ಛತ್ರಿ ಮಾತ್ರ ನಾನು ತೆಗೆದದ್ದಲ್ಲ ಮಾರಾಯ, ಅದನ್ನು ಈಗಲೂ ಎಲ್ಲಿ ಬೇಕಾದ್ರೂ ಹೇಳ್ತೇನೆ.

ಇತಿ,
ನಿನ್ನ ಒಂದನೇ ಲೈನಿನವ