ಮಾನಿಟರ್ ಕೂಗಿತ್ತು ಶಾಸಕರೇ, ಯಾರೂ ಬರಲಿಲ್ಲ

ಮಾನ್ಯ ಶಾಸಕರಿಗೆ,

ಯಾದಗಿರಿಯಿಂದ ನಮಸ್ಕಾರ. ಎಂಟು ತಿಂಗಳು ಸುಮ್ನಿದ್ದೆ. ಹೋದ ವಾರ ನಮ್ಮ ಜಿಲ್ಲೆಯ ಆಸ್ಪತ್ರೆಯಲ್ಲಿ, ಎಂಟು ತಿಂಗಳ ಹಿಂದೆ ನಮ್ಮವ್ವ ಇದ್ದ ಅದೇ ಆಸ್ಪತ್ರೆಯಲ್ಲಿ, ನೀವು ರೋಗಿಯ ನಾಡಿ, ಆಕ್ಸಿಜನ್ ನೋಡೋ ಹೊಸ ಮಾನಿಟರ್‌ಗಳಿಗೆ ರಿಬ್ಬನ್ ಕತ್ತರಿಸಿದ ಫೋಟೊ ನೋಡಿದೆ. ರಿಬ್ಬನ್ ಚೆನ್ನಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವ್ವನಿಗೆ ನ್ಯುಮೋನಿಯಾ ಆಗಿತ್ತು. ಅವತ್ತೂ ಮಾನಿಟರ್ ಇತ್ತು ಸರ್, ಇಲ್ಲ ಅನ್ನಲ್ಲ. ರಾತ್ರಿ 11ರ ಸುಮಾರಿಗೆ ಅದು ಟೀಂ ಟೀಂ ಅಂತ ಕೂಗಲು ಶುರು ಮಾಡಿತು. ಒಬ್ಬರು ಬಂದರು. ಅಬ್ಬಾ, ಬಂದರಲ್ಲ ಅಂದುಕೊಂಡೆ. ಬಂದವರು ಅವ್ವನ ಮುಖ ಕೂಡ ನೋಡಲಿಲ್ಲ, ಒಂದು ಬಟನ್ ಒತ್ತಿ ಸಪ್ಪಳ ಬಂದ್ ಮಾಡಿ, "ಬಾಜೂದವರು ಮಲ್ಕೋಬೇಕಲ್ರಿ" ಅಂದು ಹೋದರು.

ಆಮೇಲೆ ನಾನೇ ಮೊಬೈಲ್ ಹಿಡಿದು ಅವ್ವನ ಉಸಿರು ಎಣಿಸಿದೆ. ನಿಮಿಷಕ್ಕೆ 32, ತುಂಬಾ ಜಾಸ್ತಿ. ಸಿಸ್ಟರ್ ಹತ್ತಿರ ಓಡಿದೆ. ಇಡೀ ವಾರ್ಡಿಗೆ ಅವರೊಬ್ಬರೇ, ಆ ಕಡೆ ಹಾವು ಕಚ್ಚಿದ ಹುಡುಗನ ಹತ್ತಿರ ನಿಂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರ್ ಎಲ್ಲಿ ಅಂತ ಕೇಳಿದರೆ, "ಮುಂಜಾನಿ ರೌಂಡಿಗೆ ಬರ್ತಾರ್ರಿ." ಐದು ಗಂಟೆಗೆ ಅವ್ವ ನನ್ನನ್ನೇ ಯಾರು ಅಂತ ಕೇಳಿದಳು.

ಆಗ ಎಲ್ಲರಿಗೂ ಅವಸರ ಬಂತು. 5.40ಕ್ಕೆ ಆಂಬುಲೆನ್ಸ್ ಹತ್ತಿಸಿ ಕಲಬುರಗಿಗೆ ಕಳಿಸಿದರು. ಆಮೇಲೆ ಕೇಸ್ ಶೀಟಿನ ನಕಲು ತೆಗೆಸಿ ನೋಡಿದೆ. ರಾತ್ರಿ 10ಕ್ಕೆ ಉಸಿರು 18, ಎರಡಕ್ಕೆ 18, ಬೆಳಗ್ಗೆ ಆರಕ್ಕೂ 18. ಆರು ಗಂಟೆಗೆ ನಾವು ಆ ಊರಲ್ಲೇ ಇರಲಿಲ್ಲ! ಖಾಲಿ ಬೆಡ್ ಎಷ್ಟು ನೆಮ್ಮದಿಯಾಗಿ ಉಸಿರಾಡುತ್ತಿತ್ತು ನೋಡಿ.

ಬ್ರಿಟನ್‌ನಲ್ಲಿ 2012ರಿಂದ ಒಂದು ಪದ್ಧತಿ ಇದೆ, ನ್ಯೂಸ್ (NEWS) ಅಂತಾರೆ, ರೋಗಿ ಕೆಡ್ತಿರೋದನ್ನ ಮೊದಲೇ ತಿಳಿಸೋ ಲೆಕ್ಕ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಜ್ವರ, ಎಚ್ಚರ, ಒಂದೊಂದಕ್ಕೂ ಅಂಕ, ಹದ ತಪ್ಪಿದಷ್ಟೂ ಅಂಕ ಜಾಸ್ತಿ. ಒಟ್ಟು 5 ಆದರೆ ಬೇಗ ಬಂದು ನೋಡಬೇಕು, 7 ಆದರೆ ತುರ್ತು. ಒಂದು ಹಾಳೆ, ಒಂದು ಪೆನ್ನು ಸಾಕು. ಅವ್ವನ ಲೆಕ್ಕ ನಾನೇ ಹಾಕಿದೆ: ಉಸಿರಿಗೆ 3, ಆಕ್ಸಿಜನ್ 91 ಇತ್ತು, ಅದಕ್ಕೆ 3, ನಾಡಿ 126ಕ್ಕೆ 2. ಇಷ್ಟರಲ್ಲೇ 8. ಅದೂ ರಾತ್ರಿ 11ಕ್ಕೇ. ಸಪ್ಪಳ ಬಂದ್ ಮಾಡಿದ ಬಟನ್ನಿಗೆ ಎಷ್ಟು ಅಂಕ ಅಂತ ಗೊತ್ತಿಲ್ಲ.

ಆಸ್ಪತ್ರೆಯ ಉಸ್ತುವಾರಿ ನೋಡೋ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಕೂರುವವರು ನೀವು, ನಿಯಮ ನಾನು ಹೇಳಿಕೊಡಬೇಕಾಗಿಲ್ಲ. ನಾನು ಕೇಳೋದು ಇಷ್ಟೇ. ಅಂಕ 5 ಮುಟ್ಟಿದರೆ ಡಾಕ್ಟರ್ ಬರಬೇಕು. ರಾತ್ರಿಯಾದರೂ ಬರಬೇಕು, ಭಾನುವಾರವಾದರೂ ಬರಬೇಕು. ಮಾನಿಟರ್ ಕೂಗಿದ್ದು ಡ್ಯೂಟಿ ಡಾಕ್ಟರ್ ಫೋನಿಗೂ ಕೇಳಿಸೋ ಹಾಗೆ ಮಾಡಿಸಿ, ಅದು ಆಗದಿದ್ದರೆ ರಾತ್ರಿಗೆ ಇನ್ನೊಬ್ಬ ಸಿಸ್ಟರ್ ಕೊಡಿಸಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದಾಗಿನಿಂದ ಕಲ್ಯಾಣ ಕರ್ನಾಟಕಕ್ಕೆ ಹಣ ಬರ್ತಿದೆ ಅಂತ ಭಾಷಣ ಕೇಳ್ತಾನೇ ಇದ್ದೀವಿ. ಬರೀ ಡಬ್ಬಿ ಕೊಂಡರೆ ಸಾಲದು, ಡಬ್ಬಿ ಕೂಗಿದಾಗ ಬರೋ ಮನುಷ್ಯ ಬೇಕು ಅಲ್ವಾ?

ಅವ್ವ ಬದುಕಿದ್ದಾಳೆ. 11 ದಿನ ಐಸಿಯುನಲ್ಲಿದ್ದಳು. ಆ ಬಿಲ್ಲಿಗೆ ಎರಡು ಎಕರೆ ಅಡ ಇಟ್ಟಿದ್ದೇನೆ, ಅದು ಬಿಡಿ, ನನ್ನ ಕಷ್ಟ.

ಒಂದು ರಾತ್ರಿ ಎರಡು ಗಂಟೆಗೆ, ಯಾರಿಗೂ ಹೇಳದೆ, ಹಾರ ತುರಾಯಿ ಇಲ್ಲದೆ ಆ ವಾರ್ಡಿಗೆ ಹೋಗಿ. ನೀವು ಉದ್ಘಾಟಿಸಿದ ಮಾನಿಟರ್‌ಗಳ ಸಪ್ಪಳ ಚಾಲೂ ಇದೆಯಾ ನೋಡಿ. ಅಂಕ 5 ಮುಟ್ಟಿದರೆ ಯಾರು ಬರ್ತಾರೆ ಅಂತ ಕೇಳಿ. ಸಿಕ್ಕ ಉತ್ತರ ನಮಗೂ ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ